ಹೊಸ ಕುಡಿಕೆಯ ಮೊಸರನ್ನ

೨೦೨೫ನೆಯ ಇಸವಿ ಮೇ ತಿಂಗಳ ನಾಲ್ಕನೆಯ ತಾರೀಖು, ಭಾನುವಾರ. ನಂಜನಗೂಡಿನ ಪ್ರೌಢಶಾಲೆಯೊಂದರ ಗುಮಾಸ್ತ ಅನಂತಪದ್ಮನಾಭನಿಗೂ ಸುಚೇತಾಳಿಗೂ ಮದುವೆಯಾಗಿ ಅಂದಿಗೆ ಒಂಬತ್ತು ಸಾವಿರದ ನಾನೂರ ತೊಂಬತ್ತಾರು ದಿನ. ಅವುಗಳಲ್ಲಿ ಗಂಡಹೆಂಡತಿ ಇಬ್ಬರೇ ಊರ ಹೊರಗೆ ಹೋದದ್ದು ಮೂರು ದಿನ: ಎರಡು ಸಲ ಹಲ್ಲಿನ ಡಾಕ್ಟರ ಬಳಿಗೆ, ಒಂದು ಸಲ ಹೆಣ ನೋಡಲು.

"ಈ ಬೇಸಿಗೇಲಿ ಒಂದೇ ಒಂದು ದಿನ, ನಾವಿಬ್ಬರೇ ಎಲ್ಲಾದ್ರೂ ನೀರಿನ ಪಕ್ಕ ಕೂತು ಬರೋಣ. ಆಗಲ್ಲ ಅಂದ್ರೆ ಬಿಡಿ, ಇನ್ನು ಕೇಳಲ್ಲ," ಎಂದು ಸುಚೇತಾ ಯುಗಾದಿಯ ದಿನ ಹೇಳಿದ್ದಳು. ಆ ಕೊನೆಯ ಮಾತು, ಬತ್ತಿದ ಬಾವಿಗೆ ಬಿಟ್ಟ ಹಗ್ಗದಂತೆ, ಅವನೊಳಗೆ ಸದ್ದಿಲ್ಲದೆ ಇಳಿಯಿತು. ನಂಜನಗೂಡಿನ ಹೊಳೆದಂಡೆಯಲ್ಲಿ ಮೆಟ್ಟಿಲಿಗೊಬ್ಬರು ಪರಿಚಯಸ್ಥರು. ಆದ್ದರಿಂದ ತಿರುಮಕೂಡಲು ನರಸೀಪುರದ ಸಂಗಮಕ್ಕೆ ಹೋಗುವುದೆಂದು ನಿಶ್ಚಯವಾಯಿತು.

ತೊಂದರೆ ಹುಟ್ಟಿದ್ದು ಮೊಸರನ್ನದಿಂದ. ಮೇ ತಿಂಗಳಲ್ಲಿ ಸ್ಟೀಲ್ ಡಬ್ಬಿಯ ಮೊಸರನ್ನ ಮಧ್ಯಾಹ್ನದೊಳಗೆ ಹುಳಿಯಾಗುತ್ತದೆ. ಸುಚೇತಾ ಹೊಸ ಮಣ್ಣಿನ ಕುಡಿಕೆ ತಂದು, ಅದರಲ್ಲಿ ಅನ್ನ ತುಂಬಿ, ಹಳೆಯ ಪಂಚೆಯ ಬಿಳಿ ತುಂಡಿನಿಂದ ಬಾಯಿ ಕಟ್ಟಿ, ಎರಡೂ ಕೈಗಳಿಂದ ಎದೆಗೆ ಒತ್ತಿ ಹಿಡಿದುಕೊಂಡಳು. ಅನಂತಪದ್ಮನಾಭನಾದರೋ ಬೆವರುಸಾಲೆ ತಾಳಲಾರದೆ ಹಿಂದಿನ ದಿನವಷ್ಟೇ ತಲೆಯನ್ನು ನುಣ್ಣಗೆ ಬೋಳಿಸಿಕೊಂಡಿದ್ದ. ಬಿಡಿಬಿಡಿಯಾಗಿ ಎರಡೂ ನಿರಪರಾಧಿ ಸಂಗತಿಗಳು. ಕೂಡಿಸಿದಾಗ ಬಂದ ಮೊತ್ತವೇ ಬೇರೆ.

ಹೆಂಗಸರಿಗೆ ಟಿಕೆಟ್ ಇಲ್ಲದ ಕಾಲ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರ್ ಮಹಾದೇವಸ್ವಾಮಿ ಕುಡಿಕೆಯನ್ನು ನೋಡಿದ, ತಲೆಯನ್ನು ನೋಡಿದ, ದನಿ ತಗ್ಗಿಸಿದ.

"ಸಂಗಮಕ್ಕಾ ಸಾ?"

"ಹೌದು."

"ಲೇ, ಎದ್ದೇಳ್ರಲಾ! ಅಸ್ತಿ ಬುಡಕ್ಕೆ ಓಯ್ತಾವ್ರೆ, ಕಣ್ ಕಾಣಾಕಿಲ್ವಾ?"

ಇಬ್ಬರು ಯುವಕರು ಕೆಂಡದ ಮೇಲೆ ಕುಳಿತಿದ್ದವರಂತೆ ಎದ್ದರು. ಸುಚೇತಾ ಗಂಡನನ್ನು ಮೊಣಕೈಯಿಂದ ತಿವಿದಳು. "ರೀ, ಮೊಸರನ್ನ ಅಂತ ಹೇಳ್ರೀ!"

"ಒಂದು ಗಂಟೆ ನಿಂತ್ಕೊಂಡು ಬರ್ತೀಯಾ? ಸುಮ್ನೆ ಕೂತ್ಕೋ."

ಹೀಗೆ ಆತ ಸುಳ್ಳನ್ನೇನೂ ಹೇಳಲಿಲ್ಲ. ಸೀಟನ್ನು ಮಾತ್ರ ತೆಗೆದುಕೊಂಡ. ಆದರೆ ಮುಂದಿನ ಸೀಟಿನಲ್ಲಿ ಅವರ ಪಕ್ಕದ ಮನೆಯ ಚನ್ನಬಸಮ್ಮ ಇದ್ದಳು. ನರಸೀಪುರದ ತನ್ನ ಅಕ್ಕನ ಮನೆಗೆ ಹೊರಟವಳು ತಿರುಗಿ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಅಯ್ಯೋ ಐನೋರೇ! ಯಾರು? ಯಾವಾಗ? ಪಕ್ಕದ್ ಮನೇಲಿದ್ದು ನಮ್ಗೊಂದ್ ಮಾತ್ ಏಳ್ಬಾರ್ದಾ?"

ಇಡೀ ಬಸ್ಸು ಉತ್ತರಕ್ಕೆ ಕಾದಿತ್ತು. ಈಗ ನಿಜ ಹೇಳಿದರೆ ಸೀಟಿನ ಜೊತೆಗೆ ಮುಖವನ್ನೂ ಹಿಂತಿರುಗಿಸಬೇಕು. "ದೊಡ್ಡಪ್ಪ," ಎಂದ. ಅವನಿಗೆ ದೊಡ್ಡಪ್ಪನೇ ಇರಲಿಲ್ಲ. ಅವನ ತಂದೆಯೇ ಮನೆಗೆ ಹಿರಿಯ ಮಗ.

"ಎಷ್ಟಾಗಿತ್ತು ವಯಸ್ಸು?"

"ತೊಂಬತ್ತೊಂದು."

"ಮಕ್ಳು?"

"ಇಲ್ಲ."

"ಪಾಪ, ಎಂಥಾ ಒಳ್ಳೆ ಮನ್ಸ!" ಎಂದು ಚನ್ನಬಸಮ್ಮ ಅಳಲು ತೊಡಗಿದವಳು ನರಸೀಪುರದವರೆಗೂ ನಿಲ್ಲಿಸಲಿಲ್ಲ. ಇಳಿಯುವಾಗ ಮೂಗೊರೆಸಿಕೊಂಡು, "ನಮ್ಮಕ್ಕ ಎಲ್ಲೂ ಓಗಾಕಿಲ್ಲ. ಇಂಥಾ ಒತ್ನಲ್ಲಿ ನಿಮ್ಮಿಬ್ರನ್ನೇ ಬುಡಕ್ಕಾಯ್ತದಾ? ನಾನೂ ಬತ್ತೀನಿ ನಡೀರಿ," ಎಂದಳು. ಸುಚೇತಾ ಗಂಡನ ಕಡೆಗೆ ನೋಡಿದಳು. ಆ ನೋಟ ಅಸ್ಥಿಯಷ್ಟೇ ತಣ್ಣಗಿತ್ತು.

ಸಂಗಮದಲ್ಲಿ ಚನ್ನಬಸಮ್ಮ ಐದೇ ನಿಮಿಷದಲ್ಲಿ ಪುರೋಹಿತರನ್ನು ಹುಡುಕಿ ತಂದಳು. ಹೆಸರು ಸಮೀರಾಚಾರ್ಯ, ಎಳೆಯ ಪ್ರಾಯ, ಸೊಂಟದಲ್ಲಿ ಮೊಬೈಲು. ಅನಂತಪದ್ಮನಾಭ ಬಾಯಿ ತೆರೆಯುವುದರೊಳಗೆ ಆಚಾರ್ಯರು ಅವನನ್ನು ಮೊಣಕಾಲುದ್ದದ ನೀರಿನಲ್ಲಿ ನಿಲ್ಲಿಸಿ, ಕೈಗೆ ಎಳ್ಳು ಹಾಕಿ, "ಹೆಸರು, ಗೋತ್ರ, ನಕ್ಷತ್ರ?" ಎಂದರು. ಮೂವತ್ತು ವರ್ಷಗಳಿಂದ ಪ್ರತಿ ಸೋಮವಾರ ದೇವಸ್ಥಾನದಲ್ಲಿ ಅರ್ಚನೆಗೆ ನಿಂತು ಕೇಳಿದ ಪ್ರಶ್ನೆ ಅದು. ಅವನ ನಾಲಿಗೆ ತಾನಾಗಿಯೇ ಒಂದೇ ಉಸಿರಿನಲ್ಲಿ ಒಪ್ಪಿಸಿತು. ಆಚಾರ್ಯರು ಮಂತ್ರ ಹೇಳಿದರು, ಎಳ್ಳುನೀರು ಬಿಡಿಸಿದರು, ಕುಡಿಕೆಯ ಮೇಲೆ ತುಳಸಿ ಇಟ್ಟು, "ಹರಿಗೋಲಿನಲ್ಲಿ ಹೋಗಿ ನಡುನೀರಿಗೆ ಬಿಟ್ಟು ಬನ್ನಿ," ಎಂದರು.

ಹರಿಗೋಲಿನ ಶಿವು ಮುಂದೆ ಕುಳಿತು ಹುಟ್ಟು ಹಾಕತೊಡಗಿದ. ಅವನ ಬೆನ್ನು ಇವರ ಕಡೆಗಿತ್ತು. ದಡ ಹಿಂದೆ ಸರಿಯಿತು. ಚನ್ನಬಸಮ್ಮನ ಅಳು ಸೊಳ್ಳೆಯ ದನಿಯಷ್ಟಾಯಿತು. ನೀರಿನ ಮೇಲಿನಿಂದ ತಂಪು ಗಾಳಿ ಬಂತು. ಸುಚೇತಾ ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡಳು.

"ನಾಲ್ಕೂವರೆಗೆ ಎದ್ದು ಕಲಸಿದ್ದು ಇದು. ನಾನು ಹೊಳೆಗೆ ಹಾಕಲ್ಲ."

ತುಳಸಿಯನ್ನು ಪಕ್ಕಕ್ಕಿಟ್ಟು, ಬಟ್ಟೆ ಬಿಚ್ಚಿ, ಅವನ ಕೈಗೊಂದು ತುತ್ತು ಹಾಕಿದಳು, ತಾನೊಂದು ತಿಂದಳು.

"ಉಪ್ಪು ಸರಿಯಾಗಿದೆಯಾ?"

"ಸರಿಯಾಗಿದೆ ಕಣೇ."

"ಶುಂಠಿ ಜಾಸ್ತಿ ಆಯ್ತೇನೋ."

"ಇಲ್ಲ, ಇಲ್ಲ."

ಆಕೆ ಸಣ್ಣಗೆ ನಕ್ಕಳು. ಒಬ್ಬೊಬ್ಬರಿಗೆ ಎರಡೆರಡು ತುತ್ತು, ಒಟ್ಟು ನಾಲ್ಕು. ಐದನೆಯದಕ್ಕೆ ಶಿವು ಹಿಂದಕ್ಕೆ ತಿರುಗಿದ.

"ಅಯ್ಯಯ್ಯಪ್ಪೋ! ಸತ್ತೋರ್ನ ತಿಂತಾವ್ರೆ ಕಣ್ರಪ್ಪೋ!"

ಹೀಗೆ ಕೂಗಿ ಆತ ಹುಟ್ಟಿನ ಸಮೇತ ನೀರಿಗೆ ಹಾರಿದ. ಬೇಸಿಗೆಯ ಹೊಳೆ ಅವನ ಎದೆಯವರೆಗಷ್ಟೇ ಬಂತು. ಹರಿಗೋಲು ಬೀಸುವ ಕಲ್ಲಿನಂತೆ ಗಿರಗಿರನೆ ತಿರುಗಿತು. ಕುಡಿಕೆ ಸುಚೇತಾಳ ಕೈಯಿಂದ ಜಾರಿ ನೀರು ಪಾಲಾಯಿತು. ಶಿವು ಹತ್ತಿರ ಬರಲೊಲ್ಲದೆ, ಹುಚ್ಚುನಾಯಿಯನ್ನು ಅಟ್ಟುವವನಂತೆ ಹುಟ್ಟಿನ ತುದಿಯಿಂದಲೇ ಹರಿಗೋಲನ್ನು ನೂಕುತ್ತ ದಡ ಸೇರಿಸಿದ.

ಇನ್ನು ನಿಜ ಹೇಳದೆ ಗತ್ಯಂತರವಿರಲಿಲ್ಲ. ಅನಂತಪದ್ಮನಾಭ ಬಸ್ಸಿನಿಂದ ಮೊದಲುಗೊಂಡು ಎಲ್ಲವನ್ನೂ ಹೇಳಿದ.

"ಮೊಸ್ರನ್ನಕ್ಕಾ ನಾನು ಇಷ್ಟೊತ್ತು ಅತ್ತಿದ್ದು?" ಚನ್ನಬಸಮ್ಮ ಕಿರುಚಿದಳು. "ನಮ್ಮೆಜಮಾನ್ರು ಓದಾಗ್ಲೂ ಇಷ್ಟ್ ಅತ್ತಿರ್ನಿಲ್ವಲ್ರೀ!"

ಸಮೀರಾಚಾರ್ಯರು ಮಾತ್ರ ಬೇರೇನನ್ನೋ ಯೋಚಿಸುತ್ತಿದ್ದರು. "ದೊಡ್ಡಪ್ಪ ಅನ್ನೋರೇ ಇಲ್ಲ ಅಂದ್ರೆ, ಕಾಶ್ಯಪ ಗೋತ್ರದ ಅನಂತಪದ್ಮನಾಭ ಅಂತ ಹೇಳಿದ್ರಲ್ಲ, ಅವರು ಯಾರು?"

"ನಾನೇ."

ಆಚಾರ್ಯರು ಮೆಟ್ಟಿಲಿನ ಮೇಲೆ ಕುಳಿತುಬಿಟ್ಟರು. "ನಿಮ್ಮ ಕೈಯಿಂದಲೇ ನಿಮಗೆ ಎಳ್ಳುನೀರು ಬಿಡಿಸಿದ್ದೀನಲ್ಲ ಸ್ವಾಮಿ!"

"ಅದನ್ನ ವಾಪಸ್ ತಗೊಳ್ಳೋಕಾಗಲ್ವೆ?"

"ಎಳ್ಳುನೀರು ಅದು. ರಜೆ ಅರ್ಜಿ ಅಲ್ಲ." ಅವರು ಮೊಬೈಲು ತೆಗೆದು ತಮ್ಮ ಗುರುಗಳೊಡನೆ ದೂರ ನಿಂತು ಮಾತಾಡಿ ಬಂದರು. "ದಾರಿ ಇದೆ. ಬದುಕಿರೋರಿಗೆ ಕರ್ಮ ಆಗಿಬಿಟ್ರೆ ಅವರು ಹೊಸದಾಗಿ ಹುಟ್ಟಬೇಕು. ಜಾತಕರ್ಮ, ನಾಮಕರಣ, ಮುಂಜಿ, ಎಲ್ಲಾ ಮೊದಲಿಂದ."

"ಮದುವೆ?" ಕೇಳಿದವಳು ಸುಚೇತಾ.

"ಅದೂ ಅಷ್ಟೇ ಅಮ್ಮ. ಅದೇ ಹೆಂಡತೀನ ಇನ್ನೊಂದು ಸಲ ಮದುವೆ ಆಗಬೇಕು. ಅವರು ಒಪ್ಪಿದ್ರೆ."

"ಒಪ್ಪದೇ ಇದ್ರೆ?"

ಆಚಾರ್ಯರು ತಲೆ ಕೆರೆದುಕೊಂಡರು. "ಶಾಸ್ತ್ರ ಅಷ್ಟು ದೂರ ಯೋಚನೆ ಮಾಡಿಲ್ಲ."

ಸುಚೇತಾ ಯೋಚಿಸಿದಳು. ಅಷ್ಟು ಹೊತ್ತು ಆಕೆ ಯಾವುದನ್ನೂ ಯೋಚಿಸಿದ್ದನ್ನು ಅನಂತಪದ್ಮನಾಭ ಕಂಡಿರಲಿಲ್ಲ.

ಮರಳುವ ಬಸ್ಸಿನಲ್ಲಿ ಆಕೆಯೂ, ಅಕ್ಕನ ಮನೆಯನ್ನೇ ಮರೆತ ಚನ್ನಬಸಮ್ಮನೂ ಒಂದೇ ಸೀಟಿನಲ್ಲಿ ಕುಳಿತು, ಕಡಲೆಕಾಯಿ ಸುಲಿಯುತ್ತ, ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅವನು ಬಾಗಿಲ ಬಳಿ ಒಂಟಿಕಾಲಿನಲ್ಲಿ ನಿಂತಿದ್ದ. ಕೊನೆಗೆ ತಾಳಲಾರದೆ ಮೂರು ತಲೆಗಳ ಮೇಲಿನಿಂದ ಕೇಳಿದ: "ಏನು ಹೇಳ್ತೀಯೇ ಸುಚೇತಾ?"

"ನೀವಿನ್ನೂ ಹುಟ್ಟೇ ಇಲ್ಲ," ಎಂದಳು ಆಕೆ. "ಏನಷ್ಟು ಆತುರ?"

ಮೇ ಹದಿನೆಂಟರಂದು ಅವನ ಜಾತಕರ್ಮವೂ ನಾಮಕರಣವೂ ಆದವು. ಜೂನ್ ಒಂದರಂದು ಮುಂಜಿಯಾಯಿತು. ಸುಚೇತಾ ಕೊಡಬೇಕಾದ ಉತ್ತರ ಇಂದಿಗೂ ಬಾಕಿ.