ದಾರಿ ತಪ್ಪಿಸುವ ಬೋರ್ಡುಗಳು

ಗಡಿಯಾಚೆ ಶತ್ರು ಸೈನ್ಯ ಬಂದು ಬೀಡುಬಿಟ್ಟಿದೆ ಎಂಬ ಸುದ್ದಿ ರೇಡಿಯೋದಲ್ಲಿ ಬಂದ ದಿನ ಊರಿನವರೆಲ್ಲ ತಮತಮಗೆ ತಕ್ಕಂತೆ ಹೆದರಿಕೊಂಡರು. ಕೆಲವರಿಗೆ ಬಾಂಬಿನ ಹೆದರಿಕೆ, ಕೆಲವರಿಗೆ ಇನ್ನು ಸಕ್ಕರೆ ಸಿಗುವುದಿಲ್ಲವೆಂಬ ಹೆದರಿಕೆ. ಬೋರ್ಡು ಬರೆಯುವ ಪೇಂಟರ್‌ಗೆ ಮಾತ್ರ ಇವೆರಡೂ ತಟ್ಟಲಿಲ್ಲ. ಅವನು ಹೆದರಿದ್ದು ಅದೇ ದಿನ ಅಂಚೆಯಲ್ಲಿ ಬಂದ ಒಂದು ಕಾರ್ಡಿಗೆ.

ಕಾರ್ಡು ಅವನ ಷಡ್ಡಕನದು, ಎಂದರೆ ಹೆಂಡತಿಯ ಅಕ್ಕನ ಗಂಡನದು. ‘ನಮ್ಮೂರು ಗಡಿಗೆ ತೀರ ಹತ್ತಿರವಾದ್ದರಿಂದ ಸೋಮವಾರ ಹತ್ತು ಗಂಟೆಯ ಬಸ್ಸಿಗೆ ನಾವಿಬ್ಬರೂ ಅಲ್ಲಿಗೆ ಬರುತ್ತೇವೆ. ಯುದ್ಧದ ಭಯ ಕಳೆಯುವವರೆಗೆ ನಿಮ್ಮಲ್ಲೇ ಇರುತ್ತೇವೆ.’ ಒಂದು ಚುಕ್ಕೆ ತಪ್ಪಿರಲಿಲ್ಲ, ಒಂದು ಒತ್ತು ಜಾರಿರಲಿಲ್ಲ. ಪೇಂಟರ್‌ಗೆ ಮೈ ಉರಿದದ್ದೇ ಅದಕ್ಕೆ.

ಷಡ್ಡಕ ಮೂವತ್ತು ವರ್ಷದಿಂದ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದ. ಕಿವಿಯ ಮೇಲೆ ಕೆಂಪು ಪೆನ್ಸಿಲು, ಮೂಗಿನ ತುದಿಯಲ್ಲಿ ಕನ್ನಡಕ. ಈ ಊರಿಗೆ ಬಂದಾಗಲೆಲ್ಲ ಪೇಂಟರ್ ಬರೆದ ಬೋರ್ಡುಗಳ ಕೆಳಗೆ ನಿಂತು, ನಾಲಿಗೆಯನ್ನು ಅಂಗುಳಿಗೆ ತಾಗಿಸಿ ‘ಚ್’ ಎನ್ನುತ್ತಿದ್ದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ‘ಚ್’ ಎಂದವನಿಗೆ ಏನೆನ್ನುವುದು?

ಪೇಂಟರ್‌ನ ಅಕ್ಷರಗಳೆಂದರೆ ಮುತ್ತು ಪೋಣಿಸಿದ ಹಾಗೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲಿ ಹೊಟ್ಟೆ ಸೀಳಬೇಕು, ಎಲ್ಲಿ ಸೀಳಬಾರದು ಎಂಬ ವಿಚಾರದಲ್ಲಿ ಅವನಿಗೆ ಅವನದೇ ಆದ ಸಿದ್ಧಾಂತವಿತ್ತು. ದೊಡ್ಡ ಕಟ್ಟಡಕ್ಕೆ ಮಹಾಪ್ರಾಣ, ಸಣ್ಣ ಅಂಗಡಿಗೆ ಅಲ್ಪಪ್ರಾಣ. ಹಾಗಾಗಿ ಸರ್ಕಾರಿ ಕಟ್ಟಡದ ಮೇಲೆ ‘ಆಸ್ಫತ್ರೆ’ ಎಂದು ಬರೆದಿದ್ದ. (‘ಇಪ್ಪತ್ತು ಹಾಸಿಗೆ ಇರೋ ಕಡೆ ಬರೀ ಪ ಇಟ್ರೆ ಮರ್ಯಾದೆ ಅಲ್ಲ’ ಎಂಬುದು ಅವನ ವಾದ.) ರೋಗಿಗಳು ಒಳಗೆ ಹೋಗಿ ವಾಸಿಯಾಗಿ ಬರುತ್ತಲೇ ಇದ್ದರು. ಯಾರಿಗೂ ತೊಂದರೆಯಾಗಿರಲಿಲ್ಲ, ಷಡ್ಡಕನೊಬ್ಬನನ್ನು ಬಿಟ್ಟು.

ಹೆಂಡತಿಗೆ ಮಾತ್ರ ಕಾರ್ಡು ನೋಡಿ ನೆಲದ ಮೇಲೆ ಕಾಲು ನಿಲ್ಲಲಿಲ್ಲ. “ಆರು ವರ್ಷ ಆಯ್ತು ಅಕ್ಕ ಬಂದು! ಮುಂದಿನ ಕೋಣೆ ಅವರಿಗೆ. ನಿಮ್ಮ ಬಣ್ಣದ ಡಬ್ಬ ಎಲ್ಲಾ ಹಿತ್ತಿಲಿಗೆ ಸಾಗಿಸಿ.”

“ಯುದ್ಧ ಎಷ್ಟು ದಿನ ನಡೆಯುತ್ತೋ ಏನೋ,” ಎಂದು ಪೇಂಟರ್ ಗೊಣಗಿದ.

“ನಡೀಲಿ ಬಿಡಿ,” ಎಂದಳು ಹೆಂಡತಿ. ಅಂದಿದ್ದೇನೆಂದು ಆಮೇಲೆ ಹೊಳೆದು ನಾಲಿಗೆ ಕಚ್ಚಿಕೊಂಡಳು.

ಮರುದಿನ ಶಾಲೆಯ ಸಭಾಂಗಣದಲ್ಲಿ ನಾಗರಿಕ ರಕ್ಷಣಾ ಸಮಿತಿಯ ಸಭೆ ಸೇರಿತು. ಅಧ್ಯಕ್ಷರು ನಿವೃತ್ತ ಪೋಸ್ಟ್ ಮಾಸ್ಟರು. ಸರ್ಕಾರದಿಂದ ಬಂದ ಕೈಪಿಡಿಯನ್ನು ಓದುತ್ತ ಓದುತ್ತ ಅವರು ಹದಿನಾಲ್ಕನೆಯ ಸೂಚನೆಗೆ ಬಂದರು: ಶತ್ರು ಊರೊಳಗೆ ನುಗ್ಗಿದರೆ ಅವನಿಗೆ ದಾರಿ ತಿಳಿಯದಂತೆ ಎಲ್ಲ ಬೋರ್ಡುಗಳನ್ನೂ ಅಳಿಸತಕ್ಕದ್ದು.

ಎಲ್ಲರೂ ಪೇಂಟರ್ ಕಡೆ ತಿರುಗಿದರು. ಇಪ್ಪತ್ತೈದು ವರ್ಷ ಏಣಿಯ ಮೇಲೆ ನಿಂತು ಬರೆದದ್ದನ್ನು ತನ್ನ ಕೈಯಿಂದಲೇ ಅಳಿಸುವುದೇ? ಆ ಸಂಕಟದಲ್ಲೇ ಅವನ ತಲೆಯಲ್ಲಿ ಫಕ್ಕನೆ ದೀಪ ಹೊತ್ತಿಕೊಂಡಿತು.

“ಅಳಿಸಿದ್ರೆ ಏನ್ ಬಂತು ಸಾರ್? ಬೋರ್ಡು ಇಲ್ಲ ಅಂದ್ರೆ ಶತ್ರು ಯಾರನ್ನಾದ್ರೂ ಕೇಳ್ತಾನೆ. ಸುಳ್ಳು ಬೋರ್ಡು ಇದ್ರೆ ಕೇಳೋದೇ ಇಲ್ಲ. ನಂಬ್ಕೊಂಡು ಸೀದಾ ಹೋಗ್ತಾನೆ. ಪೊಲೀಸ್ ಠಾಣೆ ಹಿಡೀಬೇಕು ಅಂತ ಬಂದೋನು ಲಾಂಡ್ರಿಗೆ ನುಗ್ಗಲಿ. ಬ್ಯಾಂಕಿಗೆ ಅಂತ ಹೋದೋನು ಹಜಾಮತಿ ಅಂಗಡೀಲಿ ನಿಲ್ಲಲಿ!”

ಸಭೆ ಚಪ್ಪಾಳೆಯ ಸುರಿಮಳೆಗರೆಯಿತು. ಪೋಸ್ಟ್ ಮಾಸ್ಟರು ಎದ್ದು ಬಂದು ಕೈ ಕುಲುಕಿದರು. “ಸೇನಾಪತಿ ಆಗಬೇಕಿದ್ದೋರು ನೀವು,” ಎಂದರು. ಈ ಉಪಾಯದಿಂದ ಶತ್ರುವಿನ ಜೊತೆಗೆ ಇನ್ನೂ ಒಬ್ಬರು ದಾರಿ ತಪ್ಪುವ ಸಂಭವವಿದೆ ಎಂಬುದನ್ನು ಪೇಂಟರ್ ಸಭೆಯ ಮುಂದೆ ಇಡಲಿಲ್ಲ.

ಐದು ದಿನ ಅವನು ಹಗಲಿಡೀ ದುಡಿದ. ಊರು ಅಡಿಮೇಲಾಯಿತು. ಹಲ್ಲುನೋವಿನವರು ಗಡಿಯಾರ ರಿಪೇರಿ ಅಂಗಡಿಗೆ ಹೋಗಿ ಬಾಯಿ ತೆರೆದು ಕುಳಿತರು. ಲಾಂಡ್ರಿಯವನ ಬಳಿ ಮೂರು ಮಂದಿ ಕಳ್ಳತನದ ದೂರು ಕೊಟ್ಟರು. ಅವನು ಪಾಪ, ಅಂಗಿ ಲೆಕ್ಕ ಬರೆಯುವ ಪುಸ್ತಕದಲ್ಲಿ ಅವನ್ನೂ ಬರೆದುಕೊಂಡ. ಜನ ಬೈದರು. ಪೇಂಟರ್ ಗಂಭೀರವಾಗಿ, “ದೇಶರಕ್ಷಣೆ,” ಎಂದು ಮುಂದಿನ ಬೋರ್ಡಿಗೆ ಹೋದ.

ಭಾನುವಾರ ಅವನು ತನ್ನ ಬೀದಿಗೆ ಬಂದ. ಮೂಲೆಯಲ್ಲಿ ‘ಸ್ಮಶಾನಕ್ಕೆ ದಾರಿ’ ಎಂದು ಬರೆದ. ಸ್ವಲ್ಪ ಒಳಗೆ ‘ಮುಂದೆ ರಸ್ತೆ ಇಲ್ಲ’ ಎಂದ. ಮನೆಯ ಎದುರಿನ ಕಂಬಕ್ಕೆ ‘ಸಾಂಕ್ರಾಮಿಕ ರೋಗಿಗಳ ವಿಭಾಗ’ ಎಂದು ತೂಗುಹಾಕಿದ.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಎಲ್ಲಾ ಬೀದಿಗೂ ಒಂದು ಬೋರ್ಡು. ನಮ್ಮದಕ್ಕೆ ಯಾಕೆ ಮೂರು?”

“ಇದು ಆಯಕಟ್ಟಿನ ಜಾಗ ಕಣೇ.”

“ಏನಿದೆ ಇಲ್ಲಿ ಆಯಕಟ್ಟು? ಒಂದು ನಲ್ಲಿ. ಅದರಲ್ಲೂ ನೀರಿಲ್ಲ.”

“ಅದು ಶತ್ರುವಿಗೆ ಗೊತ್ತಾ?” ಎಂದು ಪೇಂಟರ್ ಏಣಿ ಇಳಿದ.

ಸೋಮವಾರ ಹತ್ತು ಹೊಡೆಯಿತು. “ಹೋಗಿ ಕರ್ಕೊಂಡು ಬನ್ನಿ,” ಎಂದು ಹೆಂಡತಿ ಎರಡು ಸಲ ಹೇಳಿದಳು. ಸಮಿತಿಯ ಕೆಲಸವಿದೆಯೆಂದು ಪೇಂಟರ್ ಎರಡು ಸಲವೂ ಬ್ರಷ್ಷು ತೊಳೆಯುತ್ತ ಕುಳಿತ. ಹನ್ನೆರಡಾಯಿತು. ಎರಡಾಯಿತು. ಯಾರೂ ಬರಲಿಲ್ಲ. ಉಪಾಯ ಫಲಿಸಿತೆಂದು ಅವನು ಒಳಗೊಳಗೇ ಬೀಗುತ್ತ ಮುಂದಿನ ಕೋಣೆಗೆ ಇಣುಕಿದ.

ಹೆಂಡತಿ ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದಳು. ಇಸ್ತ್ರಿ ಮಾಡಿದ ಹೊದಿಕೆಯನ್ನು ಮಡಿಚುವುದು, ಮತ್ತೆ ಬಿಚ್ಚುವುದು, ಮತ್ತೆ ಮಡಿಚುವುದು. ಅಳುತ್ತಿದ್ದಳೆಂದು ಹೇಳುವಂತಿರಲಿಲ್ಲ, ಮೂಗು ಮಾತ್ರ ಕೆಂಪಾಗಿತ್ತು.

“ಅಕ್ಕ ನನಗಿಂತ ದೊಡ್ಡವಳು, ಆದ್ರೂ ಗುಡುಗು ಬಂದ್ರೆ ನನ್ನ ಹಿಂದೆ ಬಚ್ಚಿಟ್ಕೊಳ್ತಿದ್ಳು,” ಎಂದಳು, ಅವನ ಕಡೆ ನೋಡದೆ. “ಈಗ ಅವಳೂರಲ್ಲಿ ದಿನಾ ಸೈರನ್ ಕೂಗುತ್ತಂತೆ. ಅಲ್ಲಿಂದ ತಪ್ಪಿಸ್ಕೊಂಡು ಬಂದೋಳು ಇಲ್ಲಿ ಎಲ್ಲಿ ತಿರುಗ್ತಿದ್ದಾಳೋ. ನಿಮ್ಮ ಬೋರ್ಡು ನೋಡ್ಕೊಂಡು ಎಲ್ಲಿ ಹೋದ್ಳೋ.”

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಪೇಂಟರ್‌ನ ಬಳಿ ಉತ್ತರವಿತ್ತು. ಅವನು ಡಬ್ಬ ಮತ್ತು ಬ್ರಷ್ಷು ಎತ್ತಿಕೊಂಡು ಹೊರಟೇಬಿಟ್ಟ.

ಬಸ್ ನಿಲ್ದಾಣದಲ್ಲಿ ಅವರಿಬ್ಬರ ಸುಳಿವಿರಲಿಲ್ಲ. ಬಸ್ಸು ತಪಾಸಣೆಗೆಂದು ನಿಂತು ನಿಂತು ಒಂದೂವರೆಗೆ ಬಂದಿತ್ತೆಂದು ಯಾರೋ ಹೇಳಿದರು. ಇಲ್ಲೇ ಎಲ್ಲೋ ಅಲೆಯುತ್ತಿರಬೇಕು. ಹೆಚ್ಚು ಯೋಚಿಸದೆ ಪೇಂಟರ್ ಅಲ್ಲಿನ ಕಂಬ ಹತ್ತಿ, ‘ಮೀನು ಮಾರುಕಟ್ಟೆ’ ಎಂಬುದನ್ನು ಬಳಿದು, ಬಾಣದ ಗುರುತು ಹಾಕಿ ತನ್ನ ಬೀದಿಯ ನಿಜವಾದ ಹೆಸರು ಬರೆಯತೊಡಗಿದ. ಇನ್ನೂ ಎರಡು ಅಕ್ಷರ ಮುಗಿದಿರಲಿಲ್ಲ, ಕೆಳಗಿನಿಂದ ಯಾರೋ ಅವನ ಕಾಲು ಹಿಡಿದೆಳೆದರು.

ಕಾವಲು ಪಡೆಯ ಹವಾಲ್ದಾರ. ಅವನ ತಂಡ ಬೇರೆಲ್ಲಿಂದಲೋ ಆ ಬೆಳಗ್ಗೆಯಷ್ಟೇ ಊರಿಗೆ ಬಂದಿಳಿದಿತ್ತು. ಪೇಂಟರ್‌ನ ಮುಖ ಯಾರಿಗೂ ಗೊತ್ತಿರಲಿಲ್ಲ.

“ಹಾಡುಹಗಲಲ್ಲಿ ಶತ್ರುವಿಗೆ ದಾರಿ ತೋರಿಸ್ತಿದ್ದೀಯಾ?”

“ಇಲ್ಲ ಸಾರ್, ನನ್ನ ಷಡ್ಡಕನಿಗೆ!”

“ಗುರುತಿನ ಚೀಟಿ?”

ಅದು ಇನ್ನೊಂದು ಅಂಗಿಯಲ್ಲಿತ್ತು.

“ಮನೆ ಎಲ್ಲಿ?”

ಪೇಂಟರ್ ಬೀದಿಯ ಹೆಸರು ಹೇಳಿದ. ಹವಾಲ್ದಾರ ಬೆಳಗಿನಿಂದ ಊರೆಲ್ಲ ಸುತ್ತಿ ಬೋರ್ಡು ನೋಡಿಯೇ ತಯಾರಿಸಿದ್ದ ನಕ್ಷೆಯನ್ನು ಬಿಡಿಸಿ ಬೆರಳಾಡಿಸಿದ. “ಆ ಹೆಸರಿನ ಬೀದಿಯೇ ಈ ಊರಲ್ಲಿಲ್ಲ. ನೀನು ಬಾಣ ಹಾಕಿದ ಕಡೆ ಇರೋದು ಸ್ಮಶಾನ.”

ಅವನನ್ನು ನಿಲ್ದಾಣದ ಪಕ್ಕದಲ್ಲಿದ್ದ ಪಡೆಯ ಗುಡಾರದೊಳಗೆ ಕೂರಿಸಿದರು. ಹವಾಲ್ದಾರ ಒಂದು ಮುದ್ರಿತ ಹಾಳೆ ತೆಗೆದ. ಶತ್ರುವಿನ ಗೂಢಚಾರರು ನಮ್ಮ ಭಾಷೆಯನ್ನು ಚೆನ್ನಾಗಿ ಮಾತಾಡಬಲ್ಲರು, ಬರೆಯುವಾಗ ಮಾತ್ರ ಸಿಕ್ಕಿಬೀಳುತ್ತಾರೆ ಎಂದು ಅದರಲ್ಲಿತ್ತು. ಕೊನೆಯಲ್ಲಿ ಪರೀಕ್ಷೆಗೆಂದು ಮೂರು ಪದ ಕೊಟ್ಟಿದ್ದರು.

“ಬರಿ. ಆಸ್ಪತ್ರೆ. ವಿದ್ಯಾರ್ಥಿ. ಅಭಿವೃದ್ಧಿ.”

ಪೇಂಟರ್‌ಗೆ ಹೋದ ಜೀವ ಬಂದಂತಾಯಿತು. ಬರೆಯುವುದೇ ತಾನೆ? ತೋಳು ಮಡಿಚಿ, ಬ್ರಷ್ಷಿನಲ್ಲೇ ನೀಟಾಗಿ ಬರೆದ: ಆಸ್ಫತ್ರೆ. ವಿಧ್ಯಾರ್ಥಿ. ಮೂರನೆಯದು ಸರ್ಕಾರಿ ಪದವಾದ್ದರಿಂದ ಇನ್ನಷ್ಟು ಮರ್ಯಾದೆ ಕೊಟ್ಟು: ಅಭಿವೃಧ್ಧಿ.

ಹವಾಲ್ದಾರ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದ. “ಮೂರಕ್ಕೆ ಮೂರೂ ತಪ್ಪು. ಅಕ್ಷರ ನೋಡಿದ್ರೆ ಅಚ್ಚಿನ ಹಾಗಿದೆ. ಚೆನ್ನಾಗಿಯೇ ತರಬೇತಿ ಕೊಟ್ಟು ಕಳಿಸಿದ್ದಾರೆ.”

ಪೇಂಟರ್‌ನ ಕಣ್ಣಮುಂದೆ ಹೆಂಡತಿಯ ಕೆಂಪು ಮೂಗು ಬಂತು. ಅಷ್ಟರಲ್ಲಿ ಗುಡಾರದ ಹೊರಗೆ, “ಬೋರ್ಡು ಬರೆಯೋರು ಇಲ್ಲಿ ಬಂದ್ರಾ?” ಎಂಬ ಧ್ವನಿ ಕೇಳಿಸಿತು. ಆ ಧ್ವನಿ ಇಷ್ಟು ಇಂಪಾಗಿದೆಯೆಂದು ಅವನಿಗೆ ಈವರೆಗೆ ಗೊತ್ತೇ ಇರಲಿಲ್ಲ.

ಷಡ್ಡಕ ಒಳಗೆ ಬಂದ. ಪೇಂಟರ್‌ನನ್ನು ನೋಡಲಿಲ್ಲ, ಹವಾಲ್ದಾರನನ್ನೂ ನೋಡಲಿಲ್ಲ. ಕಣ್ಣು ನೇರವಾಗಿ ಮೇಜಿನ ಮೇಲಿದ್ದ ಹಾಳೆಯ ಮೇಲೆ ಬಿತ್ತು. ಕೈ ತಾನಾಗಿ ಕಿವಿಯ ಮೇಲಿನ ಕೆಂಪು ಪೆನ್ಸಿಲಿಗೆ ಹೋಯಿತು. ಮೂರು ಪದಗಳನ್ನೂ ತಿದ್ದಿ, “ಚ್” ಎಂದು, ಆಮೇಲೆ ತಲೆಯೆತ್ತಿದ.

“ಇವನನ್ನು ಬಲ್ಲಿರಾ?” ಎಂದು ಹವಾಲ್ದಾರ ಕೇಳಿದ.

“ಬಲ್ಲೆ. ನನ್ನ ಷಡ್ಡಕ.”

“ಗೂಢಚಾರ ಅನ್ನೋದಕ್ಕೆ ಅವನ ಬರಹವೇ ಸಾಕ್ಷಿ.”

“ಇಲ್ಲ ಸ್ವಾಮೀ,” ಎಂದ ಷಡ್ಡಕ ಶಾಂತವಾಗಿ. “ಶತ್ರು ಆಗಿದ್ರೆ ನಿಘಂಟು ನೋಡಿ ಕಲಿತು ಬರ್ತಿದ್ದ. ಇಷ್ಟು ಧೈರ್ಯವಾಗಿ ತಪ್ಪು ಬರೆಯೋಕೆ ಇಲ್ಲೇ ಹುಟ್ಟಿರಬೇಕು. ನಿಮ್ಮ ಸರ್ಕಾರಿ ಆಸ್ಪತ್ರೆ ಬೋರ್ಡಿನ ಮೇಲಿನ ಬಣ್ಣ ಕೆರೆದು ನೋಡಿ. ಒಳಗೆ ಇದೇ ಫ ಇರುತ್ತೆ. ಈ ಫ ಬರೆಯೋ ಕೈ ಲೋಕದಲ್ಲಿ ಒಂದೇ.”

ಒಬ್ಬ ಕಾವಲಿನವನು ಓಡಿಹೋಗಿ ಕೆರೆದು ನೋಡಿ ಬಂದ. ಇತ್ತು.

ಇಬ್ಬರೂ ಮನೆಯ ಕಡೆ ಹೊರಟರು. ದಾರಿಯಲ್ಲಿ ಪೇಂಟರ್ ಕೆಮ್ಮಿದ. “ಮನೆ ಹುಡುಕೋದು ಕಷ್ಟ ಆಯ್ತೇನೋ?”

“ಏನೂ ಇಲ್ಲ. ಬೋರ್ಡು ಬರೆಯೋರ ಮನೆ ಎಲ್ಲಿ ಅಂದಿದ್ದಷ್ಟೇ. ಹನ್ನೆರಡು ಜನ ನಮ್ಮ ಜೊತೆಗೇ ಬಂದ್ರು. ನಿಮ್ಮ ಹತ್ರ ಜಗಳ ಆಡೋಕಂತೆ.”

“ಈ ಬೋರ್ಡುಗಳೆಲ್ಲ ಶತ್ರುವಿಗೋಸ್ಕರ...”

“ಗೊತ್ತಾಯ್ತು,” ಎಂದ ಷಡ್ಡಕ. “ನಿಮ್ಮ ಬೀದೀಲಿ ಮೂರಿತ್ತು.”

ಪೇಂಟರ್ ಕಿವಿಯವರೆಗೆ ಕೆಂಪಾದ. ಷಡ್ಡಕ ಅದನ್ನು ಕಾಣದವನಂತೆ ಕನ್ನಡಕ ಒರೆಸಿಕೊಂಡ. “ಒಂದು ಮಾತು ಹೇಳ್ಲಾ? ನಿಮ್ಮ ಅಕ್ಷರದ ದುಂಡು ನಮ್ಮ ಪ್ರೆಸ್ಸಿನ ಯಾವ ಅಚ್ಚಿನ ಮೊಳೆಗೂ ಇಲ್ಲ. ಎಷ್ಟು ಸಲ ಬೋರ್ಡಿನ ಕೆಳಗೆ ನಿಂತು ನೋಡಿದ್ದೀನಿ. ಅಷ್ಟು ಚಂದದ ಕೈ, ತಪ್ಪು ಬರೆಯುತ್ತಲ್ಲಾ ಅಂತ ಹೊಟ್ಟೆ ಉರಿಯೋದು.”

ಇಪ್ಪತ್ತು ವರ್ಷದ ಆ ‘ಚ್’ಗೆ ಹೀಗೊಂದು ಅರ್ಥವಿದ್ದೀತೆಂದು ಪೇಂಟರ್ ಕನಸಿನಲ್ಲೂ ಎಣಿಸಿರಲಿಲ್ಲ. ಷಡ್ಡಕನ ಕೈಯಲ್ಲಿದ್ದ ಕೊಡೆಯನ್ನು ತಾನೇ ತೆಗೆದುಕೊಂಡು ನಡೆದ. ಮನೆಯೊಳಗಿನಿಂದ ಅಕ್ಕ-ತಂಗಿಯರ ನಗು ಬೀದಿಯ ಮೂಲೆಯವರೆಗೂ ಕೇಳುತ್ತಿತ್ತು.

ಎರಡು ತಿಂಗಳಿಗೆ ಮಾತುಕತೆಯಾಗಿ ಶತ್ರು ಸೈನ್ಯ ಗಡಿಯಿಂದ ಹಿಂದೆ ಸರಿಯಿತು. ಊರಿನ ಬೋರ್ಡುಗಳನ್ನೆಲ್ಲ ಮೊದಲಿನಂತೆ ಬರೆಯಬೇಕು, ಷಡ್ಡಕರು ಓದಿ ಸಹಿ ಹಾಕದ ಹೊರತು ಒಂದನ್ನೂ ತೂಗುಹಾಕಕೂಡದು ಎಂದು ಪೋಸ್ಟ್ ಮಾಸ್ಟರು ಅಪ್ಪಣೆ ಮಾಡಿದರು. ಪೇಂಟರ್ ಎಲ್ಲವನ್ನೂ ಎರಡೆರಡು ಸಲ ಬರೆದ. ಊಟ ಮಾತ್ರ ಒಳ್ಳೆಯದೇ ಸಿಗುತ್ತಿತ್ತು. ಹೆಂಡತಿ ಅಷ್ಟು ಖುಷಿಯಾಗಿದ್ದಳು.

“ಇನ್ನೇನು, ಹೊರಡ್ತಾರೆ ಅಲ್ವಾ ಅವರು?” ಎಂದು ಒಂದು ಬೆಳಗ್ಗೆ ಕೇಳಿದ. ಅವನ ಧ್ವನಿ ಯಾಕೋ ಸಪ್ಪಗಿತ್ತು.

“ಎಲ್ಲಿಗೆ? ಎದುರು ಮನೆ ಖಾಲಿ ಆಗಿತ್ತಲ್ಲ, ಅದಕ್ಕೇ ಬರ್ತಿದ್ದಾರೆ. ಭಾವನಿಗೆ ಇಲ್ಲಿನ ಪ್ರೆಸ್ಸಲ್ಲೇ ಕೆಲಸ ಸಿಕ್ತು. ನಿಮಗೆ ಹೇಳಿದ್ರೆ ಮತ್ತೆಲ್ಲಿ ಬೋರ್ಡು ಹಾಕ್ತೀರೋ ಅಂತ ಎಲ್ಲಾ ಮುಗಿಸಿ ಹೇಳ್ತಿದ್ದೀನಿ.”

ಪೇಂಟರ್ ಮುಖ ಗಂಟಿಕ್ಕಿಕೊಳ್ಳಲು ನೋಡಿದ, ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎದುರು ಮನೆಗೆ ಹೆಸರಿನ ಫಲಕ ತಯಾರಾಗಿತ್ತು. ಒಂದೇ ಒಂದು ತಪ್ಪಿಲ್ಲ. ಅವನೇ ಮೂರು ಸಲ ನಿಘಂಟು ನೋಡಿದ್ದ. ಏಣಿ ಹತ್ತಿ ಮೊಳೆ ಹೊಡೆದು, ಎದೆಯುಬ್ಬಿಸಿ ಕೆಳಗೆ ನೋಡಿದ.

ಷಡ್ಡಕ ಒಂದೊಂದೇ ಅಕ್ಷರ ಓದಿದ. ಕನ್ನಡಕ ತೆಗೆದು ಓದಿದ. ಹಾಕಿಕೊಂಡು ಇನ್ನೊಮ್ಮೆ ಓದಿದ. ಏನೂ ಸಿಗದೆ ಹೋದಾಗ ಅವನ ಮುಖ ಎಳೆಮಗುವಿನಂತೆ ಬಾಡಿತು. ಆಮೇಲೆ ತಲೆಯನ್ನು ಒಂದು ಪಕ್ಕಕ್ಕೆ ಓರೆಮಾಡಿ, “ಸ್ವಲ್ಪ ಎಡಕ್ಕೆ ವಾಲಿದೆ ಅನ್ಸುತ್ತೆ,” ಎಂದ.

ಫಲಕ ವಾಲಿರಲಿಲ್ಲ. ಆದರೂ ಪೇಂಟರ್ ಅದನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಿ, “ಈಗ?” ಎಂದು ಕೇಳಿದ.