ಕೀಲಿರಾಯರ ಗುಟ್ಟಿನ ಫೋನು

ಕೀಲಿರಾಯರ ಮೊಣಕಾಲು ನೋಯುತ್ತಿದೆ ಎಂಬ ಸಂಗತಿ ಈ ಭೂಮಂಡಲದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಸ್ವತಃ ರಾಯರು, ಇನ್ನೊಬ್ಬರು ರಾತ್ರಿ ಎಣ್ಣೆ ತಿಕ್ಕಿದ ಅವರ ಹೆಂಡತಿ. ಹೀಗಿರುವಾಗ ಬೆಳಿಗ್ಗೆ ಎದ್ದು ಫೋನು ನೋಡಿದರೆ ಮೊಣಕಾಲಿನ ಎಣ್ಣೆ, ಮೊಣಕಾಲಿನ ಪಟ್ಟಿ, ಮೊಣಕಾಲನ್ನೇ ಬದಲಾಯಿಸಿ ಕೊಡುವ ಆಸ್ಪತ್ರೆ, ಎಲ್ಲ ಜಾಹೀರಾತುಗಳೂ ಸಾಲಾಗಿ ನಿಂತು ಕುಶಲ ವಿಚಾರಿಸುತ್ತಿವೆ!

“ಲೇ, ನನ್ನ ಮೊಣಕಾಲಿನ ವಿಷಯ ಯಾರಿಗಾದ್ರೂ ಹೇಳಿದ್ಯೇನೇ?”

“ಅದನ್ನ ಕೇಳೋಕೆ ಯಾರು ಕಾದು ಕೂತಿದ್ದಾರೆ ರೀ?” ಎಂದರು ಹೆಂಡತಿ. ಅವರು ಆಸ್ಪತ್ರೆಯಲ್ಲಿ ನರ್ಸು. ದಿನಕ್ಕೆ ನಲವತ್ತು ಮೊಣಕಾಲು ನೋಡುವವರು.

“ಹಾಗಾದ್ರೆ ಈ ಫೋನೇ ಕದ್ದು ಕೇಳಿದೆ! ಇದರ ಡೂಪ್ಲಿಕೇಟ್ ಕೀ ಇನ್ಯಾರದೋ ಹತ್ರ ಇದೆ!”

ರಾಯರು ಹಾಗೆ ಹೇಳುವುದು ಸಹಜ. ಮೂವತ್ತು ವರ್ಷದಿಂದ ಅವರದು ಬೀಗ ರಿಪೇರಿ ಅಂಗಡಿ. (ಅಂಗಡಿಯ ಅಗಲ ಮೂರು ಹೆಜ್ಜೆ. ನಾಲ್ಕನೆಯದು ಇಟ್ಟರೆ ಪಕ್ಕದ ಚಪ್ಪಲಿ ಅಂಗಡಿಯಲ್ಲಿರುತ್ತೀರಿ.) ಊರಿನವರ ಕೀಲಿಕೈಗಳ ಅಳತೆಯೆಲ್ಲ ಅವರ ಪುಸ್ತಕದಲ್ಲಿತ್ತು. ಆ ಪುಸ್ತಕ ಕಳ್ಳನ ಕೈಗೆ ಸಿಕ್ಕರೂ ದಂಡವಾಗಲಿ ಎಂದು ಪ್ರತಿ ಅಳತೆಯ ಕೊನೆಯ ಅಂಕಿಗೆ ಒಂದು ಕೂಡಿಸಿ ಬರೆಯುತ್ತಿದ್ದರು. ನಾಲ್ಕಿದ್ದರೆ ಐದು, ಏಳಿದ್ದರೆ ಎಂಟು. ಕೀಲಿಕೈ ಕೊರೆಯುವಾಗ ಮನಸ್ಸಿನಲ್ಲೇ ಒಂದು ಕಳೆಯುತ್ತಿದ್ದರು. ಈ ಗುಟ್ಟು ಹೆಂಡತಿಗೂ ಗೊತ್ತಿರಲಿಲ್ಲ.

“ಪೇಟೇಲಿ ಗುಟ್ಟು ಕಾಯೋ ಫೋನೇ ರೆಡಿಮೇಡ್ ಸಿಗುತ್ತೆ ರೀ,” ಎಂದರು ಹೆಂಡತಿ. “ ಯಾರೂ ಕದ್ದು ಕೇಳದ ಹಾಗೆ ಎಲ್ಲಾ ಅವರೇ ಮಾಡಿಟ್ಟಿರ್ತಾರೆ. ನಮ್ಮ ಡಾಕ್ಟರಮ್ಮ ತಗೊಂಡಿದ್ದಾರೆ. ನಾನೂ ತಗೋತೀನಿ, ನಿಮಗೂ ಒಂದು ತರ್ಲಾ?”

“ರೆಡಿಮೇಡಾ! ರೆಡಿಮೇಡ್ ಬೀಗಕ್ಕೆ ಮೂರು ಕೀ ಮಾಡಿರ್ತಾರೆ. ಎರಡು ನಿನಗೆ ಕೊಡ್ತಾರೆ. ಮೂರನೇದು ಯಾರ ಜೇಬಲ್ಲಿದೆ, ಹೇಳು ನೋಡೋಣ? ನನ್ನ ಫೋನನ್ನ ನಾನೇ ತಯಾರು ಮಾಡ್ಕೋತೀನಿ.”

“ಏನಾದ್ರೂ ಮಾಡ್ಕೊಳ್ಳಿ. ಭಾನುವಾರ ನಾಲ್ಕು ಗಂಟೆಗೆ ಬೀಗರು ಬರ್ತಾರೆ, ಅಷ್ಟು ನೆನಪಿರಲಿ.”

ಬೀಗರು ಎಂದರೆ ಆಗಬೇಕಾಗಿದ್ದ ಬೀಗರು. ಮಗಳು ತನ್ನ ಕಚೇರಿಯ ಹುಡುಗನೊಬ್ಬನನ್ನು ಮೆಚ್ಚಿದ್ದಳು. ಹುಡುಗನ ತಂದೆ ನಿವೃತ್ತ ರೈಲ್ವೆ ಗಾರ್ಡು. ಜೀವಮಾನವಿಡೀ ಗಡಿಯಾರ ನೋಡಿ ಹಸಿರು ಬಾವುಟ ಬೀಸಿದವರು. “ಮನೆ ನೋಡ್ತೀನಿ, ಜನ ನೋಡ್ತೀನಿ, ಆಮೇಲೆ ಮಾತು” ಎಂದಿದ್ದರಂತೆ. ಅವರು ಕೆಂಪು ಬಾವುಟ ತೋರಿಸಿದರೆ ಮದುವೆಗಾಡಿ ಅಲ್ಲೇ ನಿಂತಂತೆ. ಮಗಳಿಗೆ ವಾರದಿಂದ ಊಟ ಸೇರುತ್ತಿರಲಿಲ್ಲ. (ಬೀಗಗಳ ವಿಷಯದಲ್ಲಿ ರಾಯರು ನಿಸ್ಸೀಮರು. ಬೀಗರ ವಿಷಯದಲ್ಲಿ ಹೊಸಬರು.)

ರಾಯರು ಸೆಕೆಂಡ್ ಹ್ಯಾಂಡ್ ಫೋನೊಂದನ್ನು ತಂದು, ಮಗಳ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅದರ ಹುಟ್ಟುಗುಣವನ್ನೆಲ್ಲ, ಅಂದರೆ ಒಳಗಿನ ಸಾಫ್ಟ್‌ವೇರನ್ನು, ಅಳಿಸಿ ಹೊಸ ಗುಣ ತುಂಬುವ ಮಹಾಯಜ್ಞಕ್ಕೆ ಕೂತರು. ಮೊದಲ ದಿನ ಅದು ಕಣ್ಣು ಮುಚ್ಚಿದ್ದು ಮುಚ್ಚಿದ್ದೇ. ಎರಡನೆಯ ದಿನ ಕಣ್ಣು ಬಿಟ್ಟಿತು, ಆದರೆ ಮನೆಯಲ್ಲಿ ಯಾರಿಗೂ ಬಾರದ ಲಿಪಿಯಲ್ಲಿ ಏನನ್ನೋ ಕೇಳತೊಡಗಿತು.

“ಅಪ್ಪ, ಕೈ ಮುಗೀತೀನಿ, ನನ್ನ ಲ್ಯಾಪ್‌ಟಾಪ್ ಬಿಟ್ಟುಕೊಡು. ಆಫೀಸ್ ಕೆಲಸ ಇದೆ.”

“ಇನ್ನೊಂದು ಅರ್ಧ ಗಂಟೆ ಕಣಮ್ಮ!”

ಆ ಅರ್ಧ ಗಂಟೆ ಗುರುವಾರದ ತನಕ ನಡೆಯಿತು. ಕೊನೆಗೂ ಫೋನು ನೆಟ್ಟಗೆ ಎದ್ದು ಕೂತಾಗ ರಾಯರು ಮೊಣಕಾಲು ಮರೆತು ಕುಣಿದರು. ಹಳೆಯ ಸಿಮ್ ಹಾಕಿದರು. ತಾವು ಎಲ್ಲಿದ್ದೇವೆಂದು ಯಾರಿಗೂ ತಿಳಿಯದಂತೆ ಮಾಡಿದರು. ಪಟ್ಟಿಯಲ್ಲಿ ಇರುವವರ ಕರೆ ಮಾತ್ರ ಬರಲಿ, ಮಿಕ್ಕವರದ್ದು ಬಾಗಿಲಲ್ಲೇ ನಿಲ್ಲಲಿ ಎಂದು ಆಜ್ಞಾಪಿಸಿದರು. ಆಮೇಲೆ ಹೆಂಡತಿ, ಮಗಳು, ಬೀಗರು, ಚಪ್ಪಲಿ ಅಂಗಡಿಯವನು, ಎಲ್ಲರ ನಂಬರನ್ನೂ ಪಟ್ಟಿಗೆ ಸೇರಿಸಿದರು. ಸೇರಿಸುವಾಗ, ಮೂವತ್ತು ವರ್ಷದ ಅಭ್ಯಾಸ ನೋಡಿ, ಪ್ರತಿ ನಂಬರಿನ ಕೊನೆಯ ಅಂಕಿಗೆ ಒಂದು ಕೂಡಿಸಿದರು. ತಾವು ಕರೆ ಮಾಡುವಾಗ ಒಂದು ಕಳೆದು ಒತ್ತಿದರಾಯಿತು. ಬೇರೆಯವರು ಕರೆ ಮಾಡುವಾಗ ಯಾರು ಕಳೆಯಬೇಕು ಎಂಬ ಪ್ರಶ್ನೆ ಮಾತ್ರ ಅವರ ತಲೆಗೆ ಹೊಳೆಯಲಿಲ್ಲ.

ಹೆಂಡತಿ ಆಸ್ಪತ್ರೆಯಿಂದ ಬರುತ್ತಾ ದಾರಿಯಲ್ಲಿ ಇಳಿದು ರೆಡಿಮೇಡ್ ಫೋನು ತಂದರು. ಅರ್ಧ ಗಂಟೆಯ ಕೆಲಸ.

“ನೋಡೇ, ಎರಡು ದಿನ ಆಯ್ತು, ಒಂದೇ ಒಂದು ಪೀಡೆ ಕರೆ ಇಲ್ಲ!” ಎಂದರು ರಾಯರು ಶನಿವಾರ. “ನಿನ್ನ ರೆಡಿಮೇಡಿಗೆ ಎಷ್ಟು ಬಂತು?”

“ಹತ್ತು. ಎಲ್ಲಾ ನಮ್ಮವರದ್ದೇ.”

“ಪಾಪ,” ಎಂದರು ರಾಯರು ಮರುಕದಿಂದ.

ಭಾನುವಾರ ಮಧ್ಯಾಹ್ನ ಅಂಗಡಿಗೆ ಯಾರೋ ಓಡಿಬಂದು, ಊರಾಚೆಯ ಗೋದಾಮಿನ ಬೀಗ ಕಚ್ಚಿಕೊಂಡಿದೆ ಎಂದರು. ರಾಯರು ಹೊರಟೇಬಿಟ್ಟರು. ತಡವಾಯಿತು. ನಡುನಡುವೆ ಫೋನು ನೋಡಿಕೊಂಡರು. ಅದು ಗಪ್‌ಚಿಪ್. ತುರ್ತಿದ್ದರೆ ಮನೆಯಿಂದ ಕರೆ ಬರುತ್ತಿರಲಿಲ್ಲವೇ? ಬೀಗರೇ ತಡವಾಗಿರಬೇಕು ಎಂದು ನೆಮ್ಮದಿಯಾಗಿ ಒಂದು ಟೀ ಕುಡಿದು, ನಾಲ್ಕೂಮುಕ್ಕಾಲಿಗೆ ತಮ್ಮ ಬೀದಿಗೆ ತಿರುಗಿದರು.

ಬೀದಿಯ ಜನವೆಲ್ಲ ಅವರ ಮನೆ ಮುಂದೆ ನಿಂತಿತ್ತು. ಮನೆ ಇತ್ತು. ಬಾಗಿಲು ಇರಲಿಲ್ಲ.

ಅಯ್ಯೋ, ಅದು ಅಂತಿಂಥ ಬಾಗಿಲಲ್ಲ! ಎಳೆದರೆ ತಾನೇ ಬೀಳುವ ಬೀಗ, ರಾಯರ ಸ್ವಹಸ್ತದ ಕೃತಿ. “ಇದನ್ನ ತೆಗೆಯೋ ಗಂಡು ಇನ್ನೂ ಹುಟ್ಟಿಲ್ಲ” ಎಂದು ಅವರು ಹೇಳದ ದಿನವಿಲ್ಲ. ಈಗ ಆ ಬಾಗಿಲು ಗೋಡೆಗೆ ಒರಗಿ ನಿಂತಿತ್ತು. ಬೀಗ ಮಾತ್ರ ಇನ್ನೂ ಹಾಕಿಯೇ ಇತ್ತು, ನಾಲಿಗೆ ಚಾಚಿಕೊಂಡು. ಒಳಗೆ ಸೋಫಾದ ಮೇಲೆ ಎದುರು ರಸ್ತೆಯ ಬೀಗದವನು ಟೀ ಕುಡಿಯುತ್ತಿದ್ದ. ಯಾವ ಕೆಲಸ ಕೇಳಿದರೂ “ಎರಡು ನಿಮಿಷ” ಎನ್ನುವವನಾದ್ದರಿಂದ ಅವನ ಹೆಸರೇ ಎರಡು ನಿಮಿಷ. ರಾಯರ ಪರಮವೈರಿ.

“ಬಂದ್ರಾ?” ಎಂದರು ಹೆಂಡತಿ. “ಬೀಗರನ್ನ ಕರೆಯೋಕೆ ಗೇಟಿಗೆ ಹೋದ್ವಿ. ಗಾಳಿಗೆ ಬಾಗಿಲು ಧಡ್ ಅಂತ ಹಾಕ್ಕೊಂಡ್ತು. ಕೀ ಒಳಗೆ. ಒಲೆ ಮೇಲೆ ಹಾಲು. ನಿಮಗೆ ಹದಿನಾಲ್ಕು ಸಲ ಫೋನ್ ಮಾಡ್ದೆ ರೀ, ಹದಿನಾಲ್ಕು ಸಲ! ಕೊನೆಗೆ ಇವರನ್ನ ಕರೆದೆ.”

“ಬೀಗದ ತಂಟೆಗೆ ನಾನು ಹೋಗಲಿಲ್ಲ ರಾಯರೇ,” ಎಂದ ಎರಡು ನಿಮಿಷ ವಿನಯದಿಂದ. “ಅದು ನನ್ನ ಕೈಲಾಗೋದಲ್ಲ. ಆದ್ರೆ ಬಾಗಿಲು ತೂಗುಹಾಕೋ ಬಿಜಾಗರಿ ಹೊರಗಡೇನೇ ಇತ್ತಲ್ಲ, ಅದನ್ನ ಬಿಚ್ಚಿದೆ. ತುಕ್ಕು ಹಿಡಿದು ಮುರೀತು. ನಾಳೆ ಹೊಸದು ತಂದು ಕೂರಿಸ್ತೀನಿ, ಎರಡು ನಿಮಿಷ.”

ಆಗ ಸೋಫಾದ ಇನ್ನೊಂದು ತುದಿಯಲ್ಲಿ ಕೂತಿದ್ದ ಗಾರ್ಡು ಎದ್ದು ನಿಂತರು. ಕೈಗಡಿಯಾರ ನೋಡಿಕೊಂಡರು.

“ನಾನೂ ಆರು ಸಲ ಫೋನ್ ಮಾಡಿದೆ. ನಿನ್ನೆ ಮೂರು, ಇವತ್ತು ದಾರಿ ಕೇಳೋಕೆ ಮೂರು. ಸಂಬಂಧ ಬೇಡ ಅನ್ನಿಸಿದ್ರೆ ಬಾಯಿಬಿಟ್ಟು ಹೇಳಬಹುದಿತ್ತು. ಹೀಗೆ ತಪ್ಪಿಸಿಕೊಳ್ಳಬಾರದಿತ್ತು.”

ಮಗಳ ಕಣ್ಣು ತುಂಬಿತು. ರಾಯರು ಫೋನು ತೆಗೆದು ಪಟ್ಟಿ ನೋಡಿದರು. ಬೀಗರ ನಂಬರು ಇದೆ. ಹೆಂಡತಿಯದ್ದೂ ಇದೆ. ಮತ್ತೇಕೆ... ಕೊನೆಯ ಅಂಕಿಯ ಮೇಲೆ ಕಣ್ಣು ನಿಂತಿತು.

ಹೇಳದಿದ್ದರೆ ಮದುವೆ ಮುರಿಯುತ್ತದೆ. ಹೇಳಿದರೆ ಮೂವತ್ತು ವರ್ಷದ ಗುಟ್ಟು, ಅದೂ ವೈರಿಯ ಎದುರಿಗೆ, ಬೀದಿಯ ಎದುರಿಗೆ! ರಾಯರು ಇನ್ನೊಮ್ಮೆ ಮಗಳ ಮುಖ ನೋಡಿದರು. ಹೇಳಿಬಿಟ್ಟರು. ಅಳತೆಯ ಪುಸ್ತಕ, ಒಂದು ಕೂಡಿಸುವುದು, ಒಂದು ಕಳೆಯುವುದು, ಫೋನು, ಪಟ್ಟಿ, ಎಲ್ಲ.

ಮೊದಲು ನಕ್ಕವರು ಹೆಂಡತಿ. “ಅಲ್ಲಾ ರೀ, ರೆಡಿಮೇಡಿನ ಮೂರನೇ ಕೀ ಯಾರ ಜೇಬಲ್ಲಿದೆ ಅಂತ ಕೇಳಿದ್ರಲ್ಲ, ನಿಮ್ಮದರ ಎರಡನೇ ಕೀ ಹೆಂಡ್ತಿ ಹತ್ರಾನೂ ಇರಲಿಲ್ಲವಲ್ಲ!” ಆಮೇಲೆ ಮಗಳು ಕಣ್ಣೊರೆಸಿಕೊಂಡು ನಕ್ಕಳು. ಎರಡು ನಿಮಿಷ ನಕ್ಕು ನಕ್ಕು ಟೀ ಚೆಲ್ಲಿಕೊಂಡ. ಹೊರಗೆ ಬೀದಿಯೂ ನಕ್ಕಿತು.

ಗಾರ್ಡು ಮಾತ್ರ ನಗದೆ ನಿಧಾನವಾಗಿ ಮನೆಯನ್ನೆಲ್ಲ ಒಂದು ಸುತ್ತು ನೋಡಿದರು. ಬಾಗಿಲಿಲ್ಲದ ಹೊಸ್ತಿಲು, ಅಲ್ಲಿ ಇಣುಕುತ್ತಿದ್ದ ಮೂವತ್ತು ಮುಖ, ಹಗ್ಗದ ಮೇಲೆ ಇಡೀ ಬೀದಿಗೆ ಕಾಣುವಂತೆ ಒಣಗುತ್ತಿದ್ದ ಮೊಣಕಾಲಿನ ಪಟ್ಟಿ, ಕಿಟಕಿಯಲ್ಲಿ ಎಣ್ಣೆಯ ಸೀಸೆ.

“ಎಷ್ಟೋ ಮನೆ ನೋಡಿದ್ದೀನಿ,” ಎಂದರು. “ಇಷ್ಟು ಮುಚ್ಚುಮರೆ ಇಲ್ಲದ ಮನೆ ನೋಡಿಲ್ಲ. ನಮಗೆ ಒಪ್ಪಿಗೆ.” ಮತ್ತೆ ಸೋಫಾದಲ್ಲಿ ಕೂತು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿ ತೋರಿಸಿ, ಆಚೆ ಬೀದಿಯ ಕೊನೆಗೂ ಕೇಳುವಂಥ ರೈಲ್ವೆ ದನಿಯಲ್ಲಿ ಕೇಳಿದರು:

“ಬನ್ನಿ ಬೀಗರೇ, ಕೂತ್ಕೊಳ್ಳಿ. ಮೊಣಕಾಲು ಹೇಗಿದೆ?”