ಮಾಮಾನ ಎರಡನೆಯ ಕಾರ್ಡು

ನಮ್ಮ ಸೋದರಮಾವನ ಪಕ್ಕದಲ್ಲಿ ಕುಳಿತು ವಿಮಾನ ಪ್ರಯಾಣ ಮಾಡಿ, ಮರ್ಯಾದೆ ಸಮೇತ ಕೆಳಗಿಳಿದವರು ಇನ್ನೂ ಹುಟ್ಟಿಲ್ಲ! ನಾನಂತೂ ಪ್ರತಿ ಸಲ ಅದನ್ನು ಮೇಲೆಯೇ ಬಿಟ್ಟು ಇಳಿದಿದ್ದೇನೆ.

ಮಾಮಾನ ಮನೆ ತಾಂಬಾ ಎಂಬ ಹಳ್ಳಿಯಲ್ಲಿ. ಹತ್ತಿರದ ಇಂಡಿ ಪಟ್ಟಣದ ನಿಂಬೆಹಣ್ಣನ್ನು ದೆಹಲಿ, ಕೋಲ್ಕತ್ತಕ್ಕೆ ಕಳಿಸುವ ವ್ಯಾಪಾರ. ಫೋನಿನಲ್ಲಿ ಮುಗಿಯುವ ಮಾತಿಗೂ, ‘ಮಾರಿ ನೋಡ್ಲಾರದ ಎಂಥಾ ವ್ಯಾಪಾರೋ’ ಎಂದು ಹೈದರಾಬಾದಿನ ತನಕ ಬಸ್ಸಿನಲ್ಲಿ ಹೋಗಿ ವಿಮಾನ ಹತ್ತುತ್ತಾನೆ. ಹಿಂದಿ, ಇಂಗ್ಲಿಷು ಮಾತಾಡಲು ಜೊತೆಗೆ ನಾನು.

ವಿಮಾನ ಮೇಲೇರಿದ್ದೇ ತಡ, ಮಾಮಾ ಬುತ್ತಿ ಬಿಚ್ಚುತ್ತಾನೆ. ನಮ್ಮ ಕಡೆ ಬುತ್ತಿ ಬಿಚ್ಚಿದವನು ಅಕ್ಕಪಕ್ಕದವರನ್ನು ಕರೆಯದೆ ತುತ್ತು ಎತ್ತುವಂತಿಲ್ಲ. ಬಸ್ಸಿನಲ್ಲಾದರೆ ‘ನಮ್ದು ಊಟ ಆತ್ರಿ, ನೀವು ಮಾಡ್ರಿ’ ಎನ್ನುತ್ತಾರೆ, ಮುಗಿಯಿತು. ಮೋಡದ ಮೇಲೆ ಹಾಗನ್ನುವವರು ಯಾರಿದ್ದಾರೆ? ಒಮ್ಮೆ ಪಕ್ಕದ ಸೂಟುಧಾರಿಗೆ ಮಾಮಾ ಶುದ್ಧ ತಾಂಬಾ ಕನ್ನಡದಲ್ಲಿ, ‘ಬರ್ರಿ ಸಾಹೇಬ್ರ, ಊಟ ಮಾಡೂಣು’ ಎಂದ. ಆತ ಕಿವಿಯ ವೈರು ತೆಗೆದು ಕಣ್ಣು ಕಣ್ಣು ಬಿಟ್ಟ. ಒಪ್ಪಿದನೆಂದು ತಿಳಿದು ಮಾಮಾ ಕಡಕ್ ರೊಟ್ಟಿಯನ್ನು ಲಟಕ್ಕನೆ ಮುರಿದು, ಮೇಲೊಂದಿಷ್ಟು ಶೇಂಗಾ ಚಟ್ನಿಪುಡಿ ಉದುರಿಸಿ, ಅರ್ಧವನ್ನು ಆತನ ಲ್ಯಾಪ್‌ಟಾಪಿನ ಮೇಲೆಯೇ ಇಟ್ಟುಬಿಟ್ಟ! ಮುಂದಿನವರೆಲ್ಲ ತಿರುಗಿ ನೋಡಿದರು. ನಾಚಿಕೆಯಿಂದ ಭೂಮಿಗಿಳಿಯೋಣವೆಂದರೆ ಭೂಮಿ ಬಹಳ ಕೆಳಗಿತ್ತು. ನಾನು ಕಣ್ಣು ಮುಚ್ಚಿ ನಿದ್ದೆಯ ನಾಟಕ ಹೂಡಿದೆ.

‘ಏಳೋ ಅಳಿಯಾ, ಶೇಂಗಾ ಹಿಂಡಿ ಅಂದ್ರ ಏನಂತ ಸಾಹೇಬ್ರಿಗೆ ಹೇಳು.’

ನಾನು ಏಳಲಿಲ್ಲ.

ಹೀಗೆ ಹಾರಿ ಹಾರಿ ಒಂದು ವಿಮಾನ ಕಂಪನಿಯ ಕಾಯಂ ಗಿರಾಕಿ ಕಾರ್ಡು ಮಾಮಾನಿಗೆ ಸಿಕ್ಕಿತ್ತು. ಹಾರಿದಷ್ಟೂ ಪಾಯಿಂಟು, ಪಾಯಿಂಟು ಕೂಡಿದರೆ ಪುಕ್ಕಟೆ ಟಿಕೆಟ್ಟು. ಆದರೆ ಅವರ ಕೋಲ್ಕತ್ತದ ವಿಮಾನದ ವೇಳೆ ನಮಗೆ ಹೊಂದದಂತಾಯಿತು. ‘ಎರಡನೇ ಕಂಪನಿದೂ ಒಂದು ಕಾರ್ಡು ಇರ್ಲಿ. ಒಂದ ದಲಾಲಿ ಅಂಗಡಿ ನಂಬಿ ಯಾರರ ಮಾಲು ಇಳಸ್ತಾರೇನು?’ ಎಂದ ಮಾಮಾ. ಸರಿ, ಹುಡುಕಾಟ ಶುರು. ಇಂಡಿ ಪಟ್ಟಣದ ಅಂಗಡಿಯಲ್ಲಿ ಹಮಾಲರೆಲ್ಲ ಕೇಳುವಂತೆ ಸ್ಪೀಕರ್ ಹಾಕಿ ಕಂಪನಿಗೆ ಫೋನು. ಕನ್ನಡ ಬಲ್ಲ ಹುಡುಗಿಯೇ ಸಿಕ್ಕಳು.

‘ನಿಮ್ಮ ಪಾಯಿಂಟು ಎಷ್ಟು ದಿನ ತಡೀತಾವವಾ?’

‘ಎರಡು ವರ್ಷಕ್ಕೆ ಮುಗಿದುಹೋಗ್ತಾವ್ರಿ.’

‘ಹಂಗಾರ ನಮ್ಮ ನಿಂಬಿಕಾಯಿಗಿಂತ ಚಲೋ ಮಾಲು ಬಿಡು. ಯಾವೂರವಾ ನಿಂದು?’

‘ಮುದ್ದೇಬಿಹಾಳರಿ.’

ಮುಗಿಯಿತಲ್ಲ! ಆಕೆಯ ಅಜ್ಜನ ಮನೆತನ, ಈ ಸಲದ ತೊಗರಿ, ಮಧ್ಯಾಹ್ನ ಆಕೆ ಉಂಡಳೋ ಇಲ್ಲವೋ, ಎಲ್ಲ ವಿಚಾರಣೆಯಾಯಿತು. ಪಾಯಿಂಟಿನ ಮಾತು ಮತ್ತೆ ಬರಲೇ ಇಲ್ಲ. ಹಮಾಲರು ನಗುತ್ತಿದ್ದರು. ನಾನು ತಕ್ಕಡಿ ಒರೆಸುವವನಂತೆ ಬಗ್ಗಿದ್ದೆ.

ಪಾಯಿಂಟು ಹೆಚ್ಚು ಕೊಡುವ ಕಾರ್ಡನ್ನು ನಾನು ತೋರಿಸಿದೆ. ಮಾಮಾ ಕಡಿಮೆ ಕೊಡುವುದನ್ನೇ ಹಿಡಿದ. ‘ಇದರಾಗ ನಮ್ಮ ಜೋಡಿ ಬಂದವರ ಸೀಟೂ ನಾವ ಆರಿಸಬಹುದಂತ, ಪುಕ್ಕಟ.’ ಇಷ್ಟು ದಿನ ಕಂಪ್ಯೂಟರು ಆಗೊಮ್ಮೆ ಈಗೊಮ್ಮೆ ಕರುಣೆ ತೋರಿ ನನ್ನನ್ನು ದೂರ ಕೂರಿಸುತ್ತಿತ್ತು. ಇನ್ನು ಅದೂ ಇಲ್ಲ!

ಕೋಲ್ಕತ್ತಕ್ಕೆ ಹೊರಟ ದಿನ ಬೋರ್ಡಿಂಗ್ ಪಾಸು ನೋಡಿದರೆ ಅವನದು ಕಟ್ಟಕಡೆಯ ಸಾಲು, ನನ್ನದು ನಾಲ್ಕನೆಯದು.

‘ಮಾಮಾ, ಏನೋ ತಪ್ಪಾಗೇತಿ.’

‘ತಪ್ಪಲ್ಲೋ. ನಾನ ಹಂಗ ಹಾಕ್ಸೇನಿ. ನಾ ಬುತ್ತಿ ಬಿಚ್ಚಿದ ಕೂಡ್ಲೆ ನೀ ಕಣ್ಣು ಮುಚ್ಚತಿ. ನಿದ್ದಿ ಹತ್ತಿದವನ ರೆಪ್ಪಿ ಹಂಗ ಹೊಡಕೊಳ್ಳಂಗಿಲ್ಲ, ನನಗ ಗೊತ್ತೈತಿ. ಹರೇದ ಹುಡುಗ, ನಾಚಿಕಿ ಆಗೂದ. ಅದಕ್ಕಂತನ ಈ ಕಾರ್ಡು ತಗೊಂಡೇನಿ.’ ಅರಿವೆಯಲ್ಲಿ ಸುತ್ತಿದ ಎರಡು ರೊಟ್ಟಿ ನನ್ನ ಕೈಗಿಟ್ಟ. ‘ಹಸಿವಾದ್ರ ತಿನ್ನು. ಯಾರನ್ನೂ ಕರಿಬ್ಯಾಡ.’

ನಾಲ್ಕನೆಯ ಸಾಲಿನಲ್ಲಿ ಕುಳಿತೆ. ವಿಮಾನ ಮೇಲೇರಿತು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಇಷ್ಟು ದಿನ ನಾನು ಬಯಸಿದ್ದೂ ಅದನ್ನೇ. ಗಂಟು ಬಿಚ್ಚಿದೆ, ರೊಟ್ಟಿ ಮುರಿಯಲಾಗಲಿಲ್ಲ. ಇಷ್ಟು ನಾಚಿಕೆ ಮಾಮಾನ ಪಕ್ಕದಲ್ಲಿ ಕುಳಿತಾಗಲೂ ಆಗಿರಲಿಲ್ಲ. ರೊಟ್ಟಿಯ ಗಂಟು ಹಿಡಿದುಕೊಂಡು, ಎಲ್ಲರೂ ನೋಡುತ್ತಿರುವಂತೆಯೇ ಹಿಂದಕ್ಕೆ ನಡೆದೆ. ಮಾಮಾನ ಪಕ್ಕದವನಿಗೆ ನನ್ನ ಸೀಟು ಕೊಟ್ಟು ಅಲ್ಲಿ ಕುಳಿತೆ. ಮಾಮಾ ಇನ್ನೂ ಬುತ್ತಿ ಬಿಚ್ಚಿರಲಿಲ್ಲ.

‘ಯಾಕೋ?’ ಎಂದ.

‘ಒಬ್ಬನ ತಿನ್ನಾಕ ನಾಚಿಕಿ ಬಂತು, ಮಾಮಾ.’